ಬೊಮ್ಮಸಂದ್ರದಲ್ಲಿ ಗ್ರೀಸಿನ ಕಲೆಯೊಂದೇ ಅಲ್ಲ, ಸ್ವಾಮಿ!

“ಏನ್ ಸ್ವಾಮಿ, ನಮ್ಮ ಬೊಮ್ಮಸಂದ್ರದಲ್ಲಿ ಕಲೆ ಅಂದ್ರೆ ಒಂದೇ. ಅದು ಈ ಪ್ಯಾಂಟಿನ ಮೇಲಿರೋ ಗ್ರೀಸಿನ ಕಲೆ. ಎಷ್ಟು ಉಜ್ಜಿದ್ರೂ ಹೋಗಲ್ಲ!”

ಹೀಗೆಂದು ನಕ್ಕವರು ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮೇಲೆ ಕೆಲಸ ಮಾಡುವ ಒಬ್ಬ ಟರ್ನರ್. ಮೊದಲ ಪಾಳಿ ಮುಗಿಸಿ, ಊಟದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು, ಹೊಸೂರು ರಸ್ತೆ ಪಕ್ಕದ ಟೀ ಅಂಗಡಿಯಲ್ಲಿ ನಿಂತಿದ್ದರು. ಈ ಅಂಕಣಕಾರ ಕೇಳಿದ್ದು ಇಷ್ಟೇ: “ಈ ಕಡೆ ಕಲೆ, ಕರಕುಶಲ ಅಂತ ನೋಡೋಕೆ ಏನಾದ್ರೂ ಇದೆಯಾ?”

ಅವರ ಮಾತನ್ನು ತಮಾಷೆ ಎಂದು ತಳ್ಳಿಹಾಕುವಂತಿಲ್ಲ. ಬೊಮ್ಮಸಂದ್ರದಲ್ಲಿ ಕಾರ್ಖಾನೆ ಉಂಟು, ಆಸ್ಪತ್ರೆ ಉಂಟು, ಪುರಸಭೆ ಉಂಟು, 2025ರ ಆಗಸ್ಟ್‌ನಿಂದ ಮೆಟ್ರೋ ರೈಲೂ ಉಂಟು. ಚಿತ್ರ ತೂಗುಹಾಕಿ “ಬನ್ನಿ ನೋಡಿ” ಎನ್ನುವ ಒಂದು ಕೋಣೆ ಮಾತ್ರ ಈ ಅಂಕಣಕಾರನ ಕಣ್ಣಿಗೆ ಬಿದ್ದಿಲ್ಲ. ಆದರೆ ಅಷ್ಟಕ್ಕೇ ಈ ಊರಿಗೂ ಕಲೆಗೂ ದೂರ ಎಂದು ತೀರ್ಮಾನಿಸಿಬಿಡುವುದೇ?

ಹೆಸರನ್ನೇ ನೋಡಿ. ಬೊಮ್ಮ ಎಂಬುದು ಬ್ರಹ್ಮನ ತದ್ಭವ. ಸಂದ್ರ ಎಂದರೆ ಸಮುದ್ರ, ಅರ್ಥಾತ್ ದೊಡ್ಡ ಕೆರೆ. ವೀರಸಂದ್ರ, ಕಮ್ಮಸಂದ್ರ, ರಾಯಸಂದ್ರ, ಸಿಂಗಸಂದ್ರ, ಹೀಗೆ ಸುತ್ತಮುತ್ತ ಎಲ್ಲಾ ಸಮುದ್ರಗಳೇ! ಯಾರೋ ಬೊಮ್ಮಯ್ಯನೋ ಬೊಮ್ಮಣ್ಣನೋ ಕೆರೆ ಕಟ್ಟಿಸಿರಬೇಕು. ಮಣ್ಣು ಹೊತ್ತು, ಕಲ್ಲು ಕೂರಿಸಿ, ಏರಿ ಕಟ್ಟಿ, ತೂಬು ಇಟ್ಟು ನೀರು ನಿಲ್ಲಿಸಿದವರದು ಕೈಕೆಲಸವಲ್ಲದೆ ಇನ್ನೇನು? ಇರಲಿ, ಕೆರೆಗಳ ಇಂದಿನ ಕಥೆ ತೆಗೆದರೆ ಈ ಅಂಕಣ ಸಾಲದು. ಅದು ಇನ್ನೊಂದು ಸಂಜೆಗೆ.

ಹುಸ್ಕೂರಿನ ತೇರು

ನಿಜ ಹೇಳಬೇಕೆಂದರೆ, ಬೆಂಗಳೂರಿನ ಯಾವ ಗ್ಯಾಲರಿಯ ಬಾಗಿಲಲ್ಲೂ ಹಿಡಿಸದ ಕಲಾಕೃತಿಯೊಂದು ನಮ್ಮ ಹಿತ್ತಲಲ್ಲೇ ಇದೆ. ಅದು ಹುಸ್ಕೂರು ಮದ್ದೂರಮ್ಮನ ಜಾತ್ರೆಯ ತೇರು. ಹಳ್ಳಿಯವರು ಕುರ್ಜು ಎನ್ನುತ್ತಾರೆ. ಬೊಮ್ಮಸಂದ್ರದಿಂದ ಕೆಲವೇ ಮೈಲಿ.

ಗುಡಿಯ ಮುಂದೆ ವರ್ಷವೆಲ್ಲ ನಿಂತಿರುವ ಕಲ್ಲುಚಕ್ರದ ರಥ ಇದಲ್ಲ. ಪ್ರತಿ ವರ್ಷ ಬಿಚ್ಚಿ, ಪ್ರತಿ ವರ್ಷ ಹೊಸದಾಗಿ ಕಟ್ಟುವಂಥದ್ದು. ಸುತ್ತಲ ಒಂದೊಂದು ಹಳ್ಳಿಯದೂ ಒಂದೊಂದು ತೇರು. ಕೆಳಗೆ ಮರದ ಅಡಿಪಾಯ ಮತ್ತು ಗಾಲಿ. ಅದರ ಮೇಲೆ ಕಂಬ, ಬಿದಿರು, ಹಗ್ಗಗಳಿಂದ ಅಂತಸ್ತಿನ ಮೇಲೆ ಅಂತಸ್ತು. ಮೈತುಂಬ ಬಣ್ಣದ ಬಟ್ಟೆ, ತುದಿಯಲ್ಲಿ ಕಳಶ. ನೂರು ಅಡಿ ದಾಟಿದ ತೇರುಗಳು ಇಲ್ಲಿ ಮಾಮೂಲು. ಅದನ್ನು ಎತ್ತುಗಳು ಹಳ್ಳಿಯಿಂದ ಎಳೆದು ತರುತ್ತಿದ್ದವು. ಈಗೀಗ ಟ್ರ್ಯಾಕ್ಟರು, ಜೆಸಿಬಿಗಳೂ ಹೆಗಲು ಕೊಡುತ್ತಿವೆ. ನಾಲ್ಕೂ ಕಡೆ ಹಗ್ಗ ಹಿಡಿದ ಗಂಡಾಳುಗಳು ತೇರು ವಾಲಿದ ಕಡೆಗೆ ಎದುರಾಗಿ ಜಗ್ಗುತ್ತಾ ಬರಬೇಕು. ರಾಗಿ ಹೊಲದ ಆಚೆ ಅಂಚಿನಲ್ಲಿ ಮೊದಲು ಕಳಶ ಕಾಣುತ್ತದೆ, ಆಮೇಲೆ ಬಣ್ಣ, ಆಮೇಲೆ ತಮಟೆ ಸದ್ದು, ಕಡೆಗೆ ಜನ. ಒಮ್ಮೆ ನೋಡಿದವನು ಮರೆಯುವ ನೋಟವಲ್ಲ ಅದು.

ಇದನ್ನು ಕಟ್ಟುವವರಿಗೆ ನಕ್ಷೆ ಇಲ್ಲ. ಯಾವ ಬಿದಿರು ಎಷ್ಟು ಬಾಗುತ್ತದೆ, ಯಾವ ಗಂಟು ಬಿಗಿದಷ್ಟೂ ಕಚ್ಚಿಕೊಳ್ಳುತ್ತದೆ, ಎಷ್ಟನೇ ಅಂತಸ್ತಿನಲ್ಲಿ ಅಗಲ ಕಡಿಮೆ ಮಾಡುತ್ತಾ ಹೋಗಬೇಕು, ಇದೆಲ್ಲ ಅಪ್ಪನ ಕೈಯಿಂದ ಮಗನ ಕೈಗೆ ಬಂದ ಲೆಕ್ಕ. ಕಲಿಸುವುದಕ್ಕೆ ಶಾಲೆ ಇಲ್ಲ, ಪ್ರಶಸ್ತಿ ಇಲ್ಲ, ಪತ್ರಿಕೆಯಲ್ಲಿ ಅವರ ಹೆಸರೂ ಬರುವುದಿಲ್ಲ. ತೇರು ಬಿದ್ದಾಗ ಮಾತ್ರ ಸುದ್ದಿ.

ಬಿದ್ದದ್ದೂ ಉಂಟು. 2024ರ ಏಪ್ರಿಲ್‌ನಲ್ಲಿ ಒಂದು ತೇರು ಜನರ ಕಣ್ಣೆದುರೇ ಉರುಳಿತು. ಪುಣ್ಯಕ್ಕೆ ಅಂದು ಪ್ರಾಣಕ್ಕೆ ಅಪಾಯವಾಗಲಿಲ್ಲ. ಮರುವರ್ಷ ಆ ಪುಣ್ಯ ಒದಗಲಿಲ್ಲ. 2025ರ ಮಾರ್ಚ್ 22ರಂದು ಗಾಳಿಮಳೆಗೆ ಸಿಕ್ಕಿ ತೇರುಗಳು ಉರುಳಿದವು, ಜೀವ ಹೋಯಿತು, ಹಲವರಿಗೆ ಪೆಟ್ಟಾಯಿತು. ಜಾತ್ರೆಗೆಂದು ಮನೆಯಿಂದ ಹೊರಟವರು ಹಿಂದಿರುಗಲಿಲ್ಲ. ಇದಕ್ಕಿಂತ ಸಂಕಟ ಇನ್ನೇನಿದೆ?

ಇಂಥ ಹೊತ್ತಿನಲ್ಲಿ ಎರಡು ಕೂಗು ಏಳುವುದು ಸಹಜ. “ತೇರೇ ಬೇಡ, ನಿಲ್ಲಿಸಿ” ಎಂಬುದೊಂದು. “ಅಮ್ಮನ ಇಚ್ಛೆ, ನಮ್ಮ ಸಂಪ್ರದಾಯಕ್ಕೆ ಕೈಹಾಕಬೇಡಿ” ಎಂಬುದು ಇನ್ನೊಂದು. ಈ ಅಂಕಣಕಾರನಿಗೆ ಎರಡೂ ಅರ್ಧ ಮಾತು ಎನಿಸುತ್ತದೆ. ಕೆಟ್ಟದ್ದು ಕಲೆಯಲ್ಲ. ಕೆಟ್ಟದ್ದು ಪೈಪೋಟಿ. ಪಕ್ಕದೂರಿನ ತೇರು ನೂರು ಅಡಿಯಾದರೆ ನಮ್ಮದು ನೂರಿಪ್ಪತ್ತು, ಅವರದು ನೂರಿಪ್ಪತ್ತಾದರೆ ನಮ್ಮದು ಇನ್ನೂ ಮೇಲೆ! ಹೊಲದ ನಡುವೆ ಸಾಗುತ್ತಿದ್ದ ತೇರಿನ ದಾರಿಗೆ ಈಗ ಲೇಔಟು, ಕಾಂಪೌಂಡು, ವಿದ್ಯುತ್ ತಂತಿಗಳು ಅಡ್ಡ. ಮಾರ್ಚ್, ಏಪ್ರಿಲ್ ತಿಂಗಳೆಂದರೆ ಸಂಜೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಗಾಳಿ ಏಳುವ ಕಾಲ. ತೇರಿಗೆ ಹೊದಿಸಿದ ಬಟ್ಟೆ ಆಗ ಹಡಗಿನ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಮಳೆಗೆ ನೆಲ ಮೆತ್ತಗಾದರೆ ಗಾಲಿ ಒಂದು ಕಡೆ ಕುಸಿಯುತ್ತದೆ.

ಟೀ ಅಂಗಡಿಯ ಟರ್ನರ್ ಮಹಾಶಯರಿಗೆ ಇದನ್ನು ಹೇಳಿದಾಗ ಅವರು ನಗು ನಿಲ್ಲಿಸಿದರು. ಬೆರಳಿಗೆ ಟೀ ಅದ್ದಿ ಮೇಜಿನ ಮೇಲೆ ಒಂದು ಗೆರೆ ಎಳೆದರು. “ನೋಡಿ ಸಾರ್, ಅಗಲ ಅಷ್ಟೇ ಇಟ್ಕೊಂಡು ಎತ್ತರ ಡಬಲ್ ಮಾಡಿದ್ರೆ ಗಾಳಿ ತಳ್ಳೋದು ಡಬಲ್ ಅಲ್ಲ. ತಳ್ಳೋ ಜಾಗಾನೂ ಡಬಲ್, ಅದರ ಎತ್ತರಾನೂ ಡಬಲ್. ಬುಡದಲ್ಲಿ ನಾಲ್ಕರಷ್ಟು ಜಗ್ಗುತ್ತೆ.”

ಸರಿಯಾದ ಲೆಕ್ಕ. ಹಾಗಾದರೆ ಕೇಳುತ್ತೇನೆ: ಕೂದಲೆಳೆಯ ಹತ್ತನೇ ಒಂದು ಭಾಗದಷ್ಟು ತಪ್ಪಿದ್ದರೂ ಹಿಡಿದು ಬಿಸಾಡುವ ಕೆಲಸಗಾರರು, ಭಾರ, ಒತ್ತಡ, ಬಿಗಿತ ಎಲ್ಲವನ್ನೂ ಅಳೆಯಬಲ್ಲ ಎಂಜಿನಿಯರುಗಳು ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ ಸಿಟಿಯ ತುಂಬ ಇದ್ದಾರಲ್ಲ, ಅವರಲ್ಲಿ ನಾಲ್ಕು ಜನರನ್ನು ಜಾತ್ರೆಗೆ ಎರಡು ತಿಂಗಳ ಮೊದಲೇ ತೇರು ಕಟ್ಟುವ ಹಿರಿಯರ ಜೊತೆ ಕೂರಿಸಿದರೆ ಏನು ತಪ್ಪು? ಎತ್ತರಕ್ಕೆ ಒಂದು ಮಿತಿ. ಅಡಿಪಾಯ ಎಷ್ಟು ಅಗಲವಿದ್ದರೆ ಎಷ್ಟು ಎತ್ತರ ಎಂಬುದಕ್ಕೆ ಒಂದು ಕಟ್ಟಳೆ. ಗಾಳಿ ಎದ್ದರೆ ಬಟ್ಟೆ ಬಿಚ್ಚಿ ತೇರು ನಿಲ್ಲಿಸುವ ಅಧಿಕಾರ ಒಬ್ಬರ ಕೈಗೆ. ತೇರಿನ ಎತ್ತರದಷ್ಟು ದೂರಕ್ಕೆ ಸುತ್ತಲೂ ಜನ ಬಾರದಂತೆ ಹಗ್ಗ. ಎತ್ತರಕ್ಕೆ ಬದಲು ಕೆಲಸದ ಅಂದಕ್ಕೆ, ಕಟ್ಟಿನ ಗಟ್ಟಿತನಕ್ಕೆ ಬಹುಮಾನ ಇಡಲಿ. ಸಂಬಂಧಪಟ್ಟವರು ಯೋಚಿಸಬೇಕು. ಇಲ್ಲವಾದರೆ ಇನ್ನೊಂದು ಸಾವು, ಆಮೇಲೆ ಒಂದು ನಿಷೇಧದ ಆದೇಶ, ಆಮೇಲೆ ಗಂಟು ಬಿಗಿಯಲು ಬಲ್ಲ ಕಡೆಯ ಮುದುಕನೂ ಹೋದ ಮೇಲೆ ಫೋಟೋದಲ್ಲಿ ತೇರು ನೋಡುವುದು, ಇಷ್ಟೇ ಉಳಿಯುತ್ತದೆ.

ಶೆಡ್ಡಿನೊಳಗಿನ ಕೌದಿ

ಹುಸ್ಕೂರಿನ ತೇರು ವರ್ಷಕ್ಕೊಮ್ಮೆ. ದಿನಾ ಕಣ್ಣಿಗೆ ಬೀಳುವ ಕೈಕೆಲಸ ಬೇಕೇ? ಕಟ್ಟಡ ಏಳುತ್ತಿರುವ ಯಾವುದಾದರೂ ಸೈಟಿನ ಪಕ್ಕ, ತಗಡಿನ ಶೆಡ್ಡುಗಳ ಸಾಲಿನ ಮುಂದೆ ಮಧ್ಯಾಹ್ನ ಒಂದು ಗಳಿಗೆ ನಿಲ್ಲಿ. ರಾಯಚೂರು, ಕಲಬುರಗಿ ಕಡೆಯಿಂದ ಕೂಲಿಗೆ ಬಂದ ತಾಯಂದಿರು ಕೌದಿ ಹೊಲಿಯುತ್ತಿರುವುದು ಕಾಣಬಹುದು.

ಕೌದಿ ಗೊತ್ತಿಲ್ಲದ ಬೆಂಗಳೂರಿಗರಿಗೆ ಒಂದು ಮಾತು: ಹಳೇ ಸೀರೆ, ಹಳೇ ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಎಳೆ ಹೊಲಿಗೆ ಹಾಕುತ್ತಾ ಬರುವ ಹೊದಿಕೆ. ಉತ್ತರ ಕನ್ನಡದ ಸಿದ್ದಿಯರು ಹೊಲಿಯುವ ಕೌದಿಯ ಮೂಲೆಗಳಲ್ಲಿ ಮಡಿಸಿದ ತ್ರಿಕೋನದ ಹೂವು ಇರುತ್ತದೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಇಂದು ಇಂಥವು ದೊಡ್ಡ ದೊಡ್ಡ ಪ್ರದರ್ಶನಗಳಲ್ಲಿ ಗೋಡೆಗೇರಿವೆ, ಸಾವಿರಗಟ್ಟಲೆ ಬೆಲೆಗೆ ಮಾರಾಟವಾಗುತ್ತವೆ. ನಮ್ಮ ಶೆಡ್ಡಿನ ತಾಯಿಗೆ ಅದು ಗೊತ್ತಿಲ್ಲ. ಮಗುವಿಗೆ ಚಳಿ, ಅದಕ್ಕೆ ಹೊಲಿದಳು.

ಒಬ್ಬಾಕೆಯನ್ನು ಕೇಳಿದೆ, “ಇದನ್ನು ಮಾರ್ತೀಯೇನಮ್ಮಾ?”

“ಯಾಕ್ರೀ ಅಣ್ಣಾರ, ಇದು ನಮ್ಮ ಅವ್ವನ ಸೀರೆ ಐತಿ. ಇದನ್ನ ಹೆಂಗ ಮಾರ್ಲಿ? ನಿಮ್ಮನ್ಯಾಗ ಹಳೇ ಸೀರಿ ಇದ್ರ ತಂದು ಕೊಡ್ರಿ, ಹೊಲದು ಕೊಡ್ತೀನಿ. ಕೂಲಿ ಅಷ್ಟ ಕೊಡ್ರಿ.”

ಇಷ್ಟು ಸುಲಭ! ನಮ್ಮ ಅಪಾರ್ಟ್‌ಮೆಂಟಿನ ಬೀರುಗಳಲ್ಲಿ ಉಡದೆ ಬಿದ್ದಿರುವ ಅಜ್ಜಿಯ ಸೀರೆಗಳೆಷ್ಟು? ಪಾತ್ರೆಯವನಿಗೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಳ್ಳುವ ಬದಲು ರಸ್ತೆ ದಾಟಿ ಹೋಗಿ ಕೊಟ್ಟರೆ, ಅಜ್ಜಿಯ ಸೀರೆ ಮೊಮ್ಮಗುವಿನ ಮೈಮೇಲೆ ಬರುತ್ತದೆ, ಆ ತಾಯಿಗೂ ನಾಲ್ಕು ಕಾಸು. ಆದರೆ ಚೌಕಾಸಿ ಮಾಡಬೇಡಿ ಮಹರಾಯರೇ. ಒಂದು ಕೌದಿಗೆ ವಾರಗಟ್ಟಲೆ ಕೂರಬೇಕು. ದಿನಗೂಲಿಯ ಲೆಕ್ಕ ಹಾಕಿ ನೋಡಿ, ಆಮೇಲೆ ಬೆಲೆಯ ಮಾತಾಡಿ.

ಲೇತಿನ ಅಣ್ಣತಮ್ಮ

ಈ ಅಂಕಣಕಾರನ ಜೋಳಿಗೆಯಲ್ಲಿ ಅಂದು ಚನ್ನಪಟ್ಟಣದ ಒಂದು ಬುಗುರಿ ಇತ್ತು. ತೆಗೆದು ಟರ್ನರ್ ಕೈಗೆ ಕೊಟ್ಟೆ. ಅವರು ಅದನ್ನು ಆಟದ ಸಾಮಾನಿನಂತೆ ನೋಡಲಿಲ್ಲ. ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ, ಉಗುರಿನಲ್ಲಿ ಬಣ್ಣ ಕೆರೆದು, ಮೇಜಿನ ಮೇಲೆ ತಿರುಗಿಸಿ ಬಿಟ್ಟು, ಅದು ನಿಲ್ಲುವವರೆಗೂ ಉಸಿರು ಬಿಗಿಹಿಡಿದು ಕೂತರು. “ಸೆಂಟರ್ ಔಟ್ ಆಗಿಲ್ಲ ಸಾರ್. ಕೈಯಲ್ಲಿ ಉಳಿ ಹಿಡಿದು ಮಾಡಿದ್ದಾ ಇದು?”

ಹೌದು, ಕೈಯಲ್ಲೇ. ಅದು ಆಲೆ ಮರ. ಹಾಲೆ ಎಂದೂ ಕರೆಯುತ್ತಾರೆ. ಮೃದುವಾದ, ಬೆಳ್ಳನೆಯ, ನಯವಾದ ಮರ. ಹಿಂದೆ ಬಿಲ್ಲಿಗೆ ಹಗ್ಗ ಸುತ್ತಿ ಕೈಯಿಂದಲೇ ತಿರುಗಿಸುತ್ತಿದ್ದ ಲೇತು, ಈಗ ಹೆಚ್ಚಿನ ಕಡೆ ಮೋಟಾರಿನದು. ಮರ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಆ ಹೊಳಪು. ಬ್ರಷ್ಷೂ ಇಲ್ಲ, ಒಣಗಲು ಕಾಯುವುದೂ ಇಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗರಿಂದ ಬಂದ ವಿದ್ಯೆ ಎಂಬ ಪ್ರತೀತಿ. ಕಳೆದ ಶತಮಾನದ ಆರಂಭದಲ್ಲಿ ಜಪಾನಿ ಪದ್ಧತಿಯನ್ನು ಕಲಿತು ಚನ್ನಪಟ್ಟಣದವರಿಗೆ ಕಲಿಸಿದವರೆಂದು ಬಾವಾಸ್ ಮಿಯಾನ್ ಅವರ ಹೆಸರು ಹೇಳುತ್ತಾರೆ. 2006ರ ಹೊತ್ತಿಗೆ ಈ ಗೊಂಬೆಗೆ ಭೌಗೋಳಿಕ ಗುರುತಿನ ರಕ್ಷಣೆಯೂ ಸಿಕ್ಕಿದೆ.

ಗುರುತು ಸಿಕ್ಕರೂ ನಕಲು ನಿಂತಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕ ರಾಶಿ ಬಿದ್ದಿರುವ ಅಗ್ಗದ ಗೊಂಬೆಗೆ ಸ್ಪ್ರೇ ಬಣ್ಣ ಹೊಡೆದು ಅದೇ ಹೆಸರು ಹೇಳಿ ಮಾರುವವರಿದ್ದಾರೆ. ಕೂಸು ಬಾಯಿಗೆ ಇಟ್ಟುಕೊಳ್ಳುವ ಸಾಮಾನು, ಎಚ್ಚರ ಬೇಕು. ಸಂದೇಹವಿದ್ದವರು ಎಂ.ಜಿ. ರಸ್ತೆಯ ಕಾವೇರಿಗೆ ಹೋಗಲಿ. 1964ರಲ್ಲಿ ಶುರುವಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಮಳಿಗೆ ಅದು. ಬೀದರಿನ ಬಿದರಿ, ಕಿನ್ನಾಳದ ಗೊಂಬೆ, ಮೈಸೂರಿನ ಗಂಧ, ಎಲ್ಲ ಒಂದೇ ಸೂರಿನಡಿ.

ಲಾಳಿಯ ಸದ್ದು

ಚಂದಾಪುರದಲ್ಲಿ ಬಲಕ್ಕೆ ತಿರುಗಿ ಆನೇಕಲ್ ಮುಟ್ಟಿದರೆ ರೇಷ್ಮೆ. ಆ ಪಟ್ಟಣ ರೇಷ್ಮೆ ನೇಕಾರಿಕೆಗೆ ಹೆಸರಾದದ್ದು ಇಂದು ನೆನ್ನೆಯ ಮಾತಲ್ಲ. ನೇಕಾರರ ಬೀದಿಯಲ್ಲಿ ಮಗ್ಗದ ಸದ್ದೇ ಗಡಿಯಾರ ಎನ್ನುವ ಕಾಲವೊಂದಿತ್ತು. ಈಗ ಅಲ್ಲಿ ಕೇಳುವ ಸದ್ದು ಹೆಚ್ಚಾಗಿ ವಿದ್ಯುತ್ ಮಗ್ಗದ್ದು. ನೇಕಾರನ ಮಗ ಬೆಳಗ್ಗೆ ಕಂಪನಿ ಬಸ್ಸು ಹತ್ತಿ ನಮ್ಮ ಬೊಮ್ಮಸಂದ್ರಕ್ಕೇ ಬರುತ್ತಾನೆ. ಅವನನ್ನು ತಪ್ಪು ಎನ್ನಲಾದೀತೇ? ತಿಂಗಳ ಕೊನೆಗೆ ಸಂಬಳ, ಪಿ.ಎಫ್., ಇ.ಎಸ್.ಐ. ಇದೆ. ಕೈಮಗ್ಗಕ್ಕೆ ಅದಿಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿ ಬಂತು. ಕಾಯ್ದೆ ಕಾಗದದಲ್ಲಿದೆ, ಕೊಳ್ಳುವವರು ಮಾತ್ರ ಎರಡಕ್ಕೂ ವ್ಯತ್ಯಾಸ ಕೇಳುವುದಿಲ್ಲ.

ಕೇಳಬೇಕಾದವರು ನಾವು. ಮದುವೆ ಸೀರೆಗೆ ಹೋದಾಗ “ಇದು ಕೈಮಗ್ಗದ್ದಾ?” ಎಂದು ಬಾಯಿಬಿಟ್ಟು ಕೇಳಿ. 2006ರಿಂದ ಕೈಮಗ್ಗದ ಮುದ್ರೆಯ ಚೀಟಿ ಇದೆ, ತೋರಿಸಿ ಎನ್ನಿ. ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮಗ್ಗದಲ್ಲಿ ಬಟ್ಟೆ ಎಳೆದು ಹಿಡಿಯುವ ಕಡ್ಡಿಯ ಸೂಜಿಮೊನೆಯ ಗುರುತು ಸಾಮಾನ್ಯವಾಗಿ ಅಲ್ಲಿರುತ್ತದೆ. ಹಾಸು ಹೊಕ್ಕಿನಲ್ಲಿ ಎಲ್ಲೋ ಒಂದು ಎಳೆ ತುಸು ದಪ್ಪ ಕಂಡರೆ ಮುಖ ಸಿಂಡರಿಸಬೇಡಿ. ಅದು ಕೈಯ ಗುರುತು.

ಹಳದಿ ರೈಲು ಹತ್ತಿ

ಇನ್ನು ಗ್ಯಾಲರಿಯ ಮಾತು. ಮೊದಲಾದರೆ ಬೊಮ್ಮಸಂದ್ರದವರು ಭಾನುವಾರ ಚಿತ್ರ ನೋಡಲು ಬೆಂಗಳೂರಿಗೆ ಹೋಗುತ್ತೇನೆಂದರೆ ಮನೆಯವರು ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟುವುದೆಂದರೆ ಸಾಮಾನ್ಯವೇ! 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಇಲ್ಲಿಯವರೆಗೆ 19.15 ಕಿಲೋಮೀಟರು, 16 ನಿಲ್ದಾಣ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಊರೆಲ್ಲಾ ನಿಮ್ಮದೇ.

ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದರೆ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. 1960ರಲ್ಲಿ ಎಂ.ಎಸ್. ನಂಜುಂಡರಾಯರು ಕಟ್ಟಿ ಬೆಳೆಸಿದ ಸಂಸ್ಥೆ. ಅವರು ಊರೂರು ಅಲೆದು ಸಂಗ್ರಹಿಸಿದ ತೊಗಲುಗೊಂಬೆಗಳು, ಮೈಸೂರು ಸಾಂಪ್ರದಾಯಿಕ ಚಿತ್ರಗಳು ಅಲ್ಲಿವೆ. ರೋರಿಕ್ ಅವರ ಚಿತ್ರಗಳಿವೆ. ವರ್ಷದ ಆರಂಭದಲ್ಲಿ, ಜನವರಿಯ ಒಂದು ಭಾನುವಾರ, ಆ ರಸ್ತೆಯನ್ನೇ ಮುಚ್ಚಿ ಚಿತ್ರಸಂತೆ ನಡೆಸುತ್ತಾರೆ. ತರಕಾರಿ ಸಂತೆಯ ಹಾಗೆಯೇ ರಸ್ತೆ ಬದಿಗೆ ಚಿತ್ರ ಇಟ್ಟುಕೊಂಡು ಬರೆದವರೇ ಕೂತಿರುತ್ತಾರೆ. ಕೊಳ್ಳದಿದ್ದರೂ ನಿಂತು ಮಾತಾಡಬಹುದು, “ಇದೇನ್ರೀ, ಆಕಾಶ ಕೆಂಪಗಿದೆ?” ಎಂದು ಕೇಳಬಹುದು. ಯಾರೂ ಬೈಯುವುದಿಲ್ಲ. ನೂರಿನ್ನೂರು ರೂಪಾಯಿಯ ಚಿತ್ರವೂ ಉಂಟು, ಲಕ್ಷದ್ದೂ ಉಂಟು.

ಇದಲ್ಲದೆ ಅರಮನೆ ರಸ್ತೆಯಲ್ಲಿ ಮಾಣಿಕ್ಯವೇಲು ಅವರ ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಎಂಬ ಖಾಸಗಿ ವಸ್ತುಸಂಗ್ರಹಾಲಯ ಇವೆ. ದೊಡ್ಡ ಕಟ್ಟಡ, ಗಾಜಿನ ಬಾಗಿಲು ಕಂಡು ಹಿಂಜರಿಯಬೇಡಿ. ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಬಹುದು.

ಆದರೆ ನಾವೇ ಹೋಗುವುದಷ್ಟೇ ಏಕೆ? ಬೊಮ್ಮಸಂದ್ರ ಮೆಟ್ರೋ ನಿಲ್ದಾಣದ ಕೆಳಗೆ, ಕಂಪನಿ ಬಸ್ಸಿಗಾಗಿ ಜನ ಕಾಯುವ ಜಾಗದಲ್ಲಿ ತಿಂಗಳಿಗೊಂದು ಭಾನುವಾರ ನಾಲ್ಕು ಮೇಜು ಹಾಕಿದರೆ ಸಾಲದೇ? ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣದ ಮಗ್ಗುಲಲ್ಲಿ 2013ರಲ್ಲೇ ರಂಗೋಲಿ ಎಂಬ ಕಲಾಕೇಂದ್ರ ಆಗಿದೆ. ಅಲ್ಲಿಗೆ ಆದದ್ದು ಇಲ್ಲಿಗೆ ಯಾಕಾಗದು? ಒಂದು ಮೇಜು ಆನೇಕಲ್ ನೇಕಾರರಿಗೆ, ಒಂದು ಕೌದಿಗೆ, ಒಂದು ಚನ್ನಪಟ್ಟಣಕ್ಕೆ, ಇನ್ನೊಂದು ಹುಸ್ಕೂರಿನ ತೇರು ಕಟ್ಟುವವರಿಗೆ. ನಾಲ್ಕಡಿಯ ಪುಟ್ಟ ತೇರು ಕಟ್ಟಿ ಮಕ್ಕಳಿಗೆ ಗಂಟು ಹಾಕುವುದು ಕಲಿಸಲಿ. ಬಾಡಿಗೆ ಕೇಳದಿದ್ದರೆ ಸಾಕು, ಪುರಸಭೆಗೆ ಇದರಿಂದ ನಷ್ಟವೇನಿಲ್ಲ.

ಟರ್ನರ್ ಮಹಾಶಯರು ಬುಗುರಿಯನ್ನು ವಾಪಸು ಕೊಡಲು ಮನಸ್ಸು ಮಾಡಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಚಿತ್ರಸಂತೆಗೆ ಮಗಳನ್ನು ಕರೆದುಕೊಂಡು ಬರುವುದಾಗಿ ಹೇಳಿದರು. ಡಬ್ಬಿ ಎತ್ತಿಕೊಂಡು ಹೊರಟವರು ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು.

“ಆದ್ರೆ ಸಾರ್, ಅವತ್ತು ಓವರ್‌ಟೈಮ್ ಹಾಕ್ಲಿಲ್ಲ ಅಂದ್ರೆ ಮಾತ್ರ!”